ರಾಣಿ ಬಣ್ಣದ ಫಿಲ್ಟರು

ಆಯಿ ನಮ್ಮ ಮನೆಗೆ ಬಂದದ್ದೇ ಜಗಳಕ್ಕೆ. ಕೈಯಲ್ಲೊಂದು ಹಳೆಯ ಫೋಟೊ ಹಿಡಿದುಕೊಂಡು ಕಟ್ಟೆ ಹತ್ತಿದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

“ನಿಮ್ಮಪ್ಪ ನಮ್ಮವ್ವನ ಸೀರಿ ಹಾಳ ಮಾಡ್ಯಾನ ನೋಡಬೇ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದು ಬನಹಟ್ಟಿಯ ಅರ್ಧ ಊರಿಗೆ ಗೊತ್ತು. ಅಪ್ಪನ ಫೋಟೊಗಳ ವಿಷಯವಾದರಂತೂ ಕೇಳುವುದೇ ಬೇಡ. ಅಪ್ಪ ಈ ಓಣಿಯಲ್ಲಿ ಸ್ಟುಡಿಯೊ ಇಟ್ಟು ಜಮಖಂಡಿ, ಮುಧೋಳ, ಬೀಳಗಿ ಕಡೆಯ ಮದುವೆಗಳನ್ನೆಲ್ಲ ತೆಗೆದವನು. ಅವನು ತೀರಿಕೊಂಡು ಬಹಳ ವರ್ಷವಾಯಿತು. ಆದರೂ ಅವನ ಮೇಲೆ ಯಾರಾದರೂ ದೂರು ತಂದರೆ ನನ್ನ ಮೈಯೆಲ್ಲ ಉರಿಯುತ್ತದೆ.

“ಏನ್ ಮಾಡ್ಯಾನ್ರಿ ಅಪ್ಪ? ಸೀರಿ ಹರದಾನೇನ?” ಎಂದೆ.

“ಹರದಿದ್ರ ಹೊಲ್ಕೋತಿದ್ದೆ. ದಡೀನ ಇಲ್ಲದಂಗ ಮಾಡಿ ಬಿಟ್ಟಾನ. ನೋಡಿಲ್ಲೆ, ಬೂದಿ ಬಳದಂಗ ಐತಿ.”

ಆಯಿ ನನ್ನ ಸ್ವಂತ ಅಜ್ಜಿಯಲ್ಲ. ಪಕ್ಕದ ಮನೆಯ ನೇಕಾರ ಮುದುಕಿ, ಎಪ್ಪತ್ತು ದಾಟಿದವಳು. ಓಣಿಯವರೆಲ್ಲ ಆಯಿ ಎನ್ನುತ್ತಾರೆ, ನಾನೂ ಅನ್ನುತ್ತೇನೆ. ಸುತ್ತಲಿನ ಮನೆಗಳಲ್ಲೆಲ್ಲ ಪವರ್‌ಲೂಮು ಬಂದಾಗಿದೆ. ಕೈಮಗ್ಗ ಎಂದು ಉಳಿದಿರುವುದು ಅವಳದೊಂದೇ.

ಫೋಟೊ ಇಸಿದುಕೊಂಡು ನೋಡಿದೆ. ಅವಳ ಅವ್ವ ಕುರ್ಚಿಯ ಮೇಲೆ ಕೂತಿದ್ದಾಳೆ. ಅವ್ವನ ಮೊಣಕಾಲಿಗೆ ಒರಗಿ ಹತ್ತು ವರ್ಷದ ಹುಡುಗಿ ನಿಂತಿದ್ದಾಳೆ, ಆ ಹುಡುಗಿಯೇ ಆಯಿ. ಮೋಡದ ದಿನ, ಪಡಸಾಲೆಯ ನೆರಳಿನಲ್ಲಿ ತೆಗೆದದ್ದು. ಮುಖಗಳು ಛಲೋ ಮೂಡಿದ್ದವು. ಆದರೆ ಮಡಿಲ ಮೇಲೆ ಹರವಿದ್ದ ಸೀರೆಯ ದಡಿ, ಅಂದರೆ ಅಂಚು, ಒಂದೇ ಬೂದು ಪಟ್ಟಿಯಾಗಿತ್ತು. ಆಯಿ ಹೇಳಿದ್ದು ಸುಳ್ಳಲ್ಲ. ಸುಳ್ಳಲ್ಲ ಎಂದು ಗೊತ್ತಾದ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು.

ಒಳಗೆ ಕರೆದು ಚಹಾ ಕೊಟ್ಟ ಮೇಲೆ ಪೂರ್ತಿ ವಿಷಯ ಹೊರಬಿತ್ತು. ಆಯಿಯ ಮೊಮ್ಮಗಳ ಮದುವೆ ಗಲಗಲಿಯ ಹುಡುಗನ ಜೊತೆ ಗೊತ್ತಾಗಿತ್ತು. ಅಕ್ಕಿಕಾಳು ಬೀಳುವಾಗ ಮೊಮ್ಮಗಳು ಉಟ್ಟಿರುವ ಸೀರೆ ತನ್ನ ಮಗ್ಗದಿಂದಲೇ ಇಳಿದಿರಬೇಕು, ಅದಕ್ಕೆ ತನ್ನ ಅವ್ವ ನೇಯುತ್ತಿದ್ದ ಗುಡಿದಡಿಯೇ ಇರಬೇಕು ಎಂದು ಆಯಿ ಹಠ ಹಿಡಿದಿದ್ದಳು. ಕೆಂಪು ದಡಿಯ ಮೇಲೆ ಕೇಸರಿ ಎಳೆಯಲ್ಲಿ ಪಾವಟಿಗೆ ಪಾವಟಿಗೆಯಾಗಿ, ಮೆಟ್ಟಿಲು ಕಟ್ಟಿದ ಹಾಗೆ, ಮೇಲೇರುವ ಗುಡಿಗಳ ಸಾಲು ಅದು. ಅವ್ವ ಆ ಲೆಕ್ಕವನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಗುಡಿಗೆ ಏಳು ಪಾವಟಿಗೆ ಎಂಬುದಷ್ಟೇ ಆಯಿಗೆ ನೆನಪಿತ್ತು. ಉಳಿದಿದ್ದ ಒಂದೇ ಸೀರೆಯನ್ನು ಅವಳಿಗೆ ಉಡಿಸಿಯೇ ಮಣ್ಣು ಮಾಡಿದ್ದರು.

“ಮೂರ ಸಲ ದಡಿ ಹಾಕ್ದೆ, ಮೂರ ಸಲ ಬಿಚ್ಚಿದೆ. ಗುಡಿ ಕುಳ್ಳಗ ಆಗಾಕತ್ತೈತಿ. ಗುಡಿ ಅಲ್ಲ ಅದು, ಜ್ವಾಳದ ಕಣಜ!” ಎಂದಳು. ಬಿಚ್ಚಿ ಬಿಚ್ಚಿ ದಡಿಯ ರೇಷ್ಮೆ ಜುಂಗೆದ್ದು ಸವೆದಿತ್ತು. ಇನ್ನೊಂದು ಸಲ ನೇಯ್ದರೆ ತಾಳುತ್ತದೆ, ನೇಯ್ದದ್ದನ್ನು ಬಿಚ್ಚಿದರೆ ಎಳೆಗಳು ತುಂಡಾಗಿ ಮಗ್ಗಕ್ಕೆ ಬಿಗಿದ ಹಾಸೇ ಕೆಡುತ್ತದೆ. ಮದುವೆಗೆ ಒಂದು ತಿಂಗಳಿತ್ತು. ಸೀರೆ ಮುಗಿಸಲು ಅವಳ ಕೈಗೆ ಮೂರು ವಾರ ಬೇಕು. ಅಂದರೆ ಒಂದು ವಾರದೊಳಗೆ ದಡಿಯ ಲೆಕ್ಕ ಸಿಗಬೇಕು, ಸಿಕ್ಕದ್ದು ಖಾತ್ರಿಯಾಗಿರಬೇಕು. ಇಲ್ಲವಾದರೆ ಮೊಮ್ಮಗಳು ಅಂಗಡಿಯ ಸೀರೆ ಉಟ್ಟು ಹೋಗುತ್ತಾಳೆ.

ಅವಳ ಮೈದುನನಿಗೆ ಇದೆಲ್ಲ ನಗೆಯಾಟ. ನಮ್ಮ ಹಿಂದಿನ ಗೋಡೆಗೆ ಹತ್ತಿಕೊಂಡ ಶೆಡ್ಡಿನಲ್ಲಿ ಅವನ ಹನ್ನೆರಡು ಪವರ್‌ಲೂಮುಗಳಿವೆ. ಆಯಿ ನಮ್ಮ ಮನೆಗೆ ಬಂದದ್ದು ನೋಡಿ ಅವನೂ ಬಾಗಿಲಿಗೆ ಬಂದು ನಿಂತ.

“ವೈನಿ, ಐದ ಪಾವಟಿಗಿ ದಡಿ ನನ್ನ ಮಗ್ಗದಾಗ ದಿನಾ ಬೀಳತೈತಿ. ಅದ್ನ ಒಯ್ದ ಉಡಸ. ಏಳ ಪಾವಟಿಗಿ ಅನ್ನೂದು ನಿನ್ನ ತಲಿಯಾಗ ಐತಿ ಅಷ್ಟ, ಸೀರ್ಯಾಗ ಇದ್ದಿಲ್ಲ.”

“ಏಳ ಇದ್ದೂ ಲೇ! ಅವ್ವನ ತೊಡಿ ಮ್ಯಾಲ ಕುಂತ ಬಟ್ಟ ಇಟ್ಟ ಎಣಿಸೇನಿ ನಾನು.”

“ಆವಾಗ ನಿನಗ ಎಣಸಾಕರೆ ಬರತಿತ್ತೇನ?” ಎಂದು ಹಲ್ಲು ಕಿರಿದು ಹೋದ.

ನನ್ನ ಬಳಿಗೆ ಬರುವ ಮೊದಲು ಆಯಿ ಆ ಫೋಟೊವನ್ನು ಮೊಬೈಲ್ ಅಂಗಡಿಗೂ ಒಯ್ದಿದ್ದಳಂತೆ. ಅಂಗಡಿಯವನು ಯಾವುದೋ ಆ್ಯಪಿನಲ್ಲಿ ಹಾಕಿ ಹೊಳೆಹೊಳೆಯುವಂತೆ ಮಾಡಿಕೊಟ್ಟಿದ್ದ. ಅದನ್ನೂ ತೋರಿಸಿದಳು. ದಡಿಯ ತುಂಬ ಸಾಲುಸಾಲು ನವಿಲು! ಆ್ಯಪು ತನಗೆ ಕಾಣದ್ದನ್ನು ತಾನೇ ಹುಟ್ಟಿಸಿಕೊಂಡಿತ್ತು. “ನಮ್ಮವ್ವ ಜನಮದಾಗ ನವಲ ನೇದಾಕಿ ಅಲ್ಲ” ಎಂದು ಆಯಿ ಆ ಕಾಗದವನ್ನು ಮಡಚಿ ಕುಂಡಿ ಕೆಳಗಿಟ್ಟುಕೊಂಡು ಕೂತಳು. ನನಗೆ ಆಗ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಮಾತು ಕೊಟ್ಟುಬಿಟ್ಟೆ. ನೆಗೆಟಿವ್ ಸಿಕ್ಕರೆ ದಡಿ ತೆಗೆದುಕೊಡುತ್ತೇನೆ, ಅಪ್ಪ ಏನೂ ಹಾಳು ಮಾಡಿಲ್ಲ ಎಂದು ತೋರಿಸುತ್ತೇನೆ ಎಂದೆ.

ನನ್ನ ಹೊಟ್ಟೆ ಹೊರೆಯುವುದು ಡಿಜಿಟಲ್ ಕ್ಯಾಮೆರಾ. ಆದರೆ ಮನೆಯ ಹಿಂದಿನ ಡಾರ್ಕ್‌ರೂಮನ್ನು ನಾನು ಮುಚ್ಚಿಲ್ಲ. ಅಪ್ಪ ಸೊಲ್ಲಾಪುರದಿಂದ ಬಸ್ಸಿನ ಟಾಪಿನ ಮೇಲೆ ಹೇರಿಕೊಂಡು ತಂದ ಎನ್‌ಲಾರ್ಜರ್ ಇನ್ನೂ ಅಲ್ಲಿದೆ. ಕಬ್ಬಿಣದ ಕಂಬ, ಮೇಲೆ ದೀಪದ ಡಬ್ಬಿ, ನಡುವೆ ನೆಗೆಟಿವ್, ಕೆಳಗೆ ಮಸೂರ. ತಿಂಗಳಿಗೊಂದು ಸಲವಾದರೂ ಅದರ ದೀಪ ಹಚ್ಚದಿದ್ದರೆ ನನಗೆ ತಲೆ ಕೆಡುತ್ತದೆ. ಮನೆಯವರು ಇದನ್ನು ಹುಚ್ಚು ಎನ್ನುತ್ತಾರೆ. ಹೌದು, ಹುಚ್ಚೇ.

ಮರುದಿನ ಅಪ್ಪನ ಟ್ರಂಕುಗಳನ್ನು ಇಳಿಸಿ ಹುಡುಕಿದೆ. ಅಪ್ಪ ನೆಗೆಟಿವ್‌ಗಳನ್ನು ಓಣಿಯ ಪ್ರಕಾರ ಲಕೋಟೆಗೆ ಹಾಕಿಟ್ಟಿದ್ದ. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ತೆಳ್ಳನೆಯ ನೆಗೆಟಿವ್, ಬೆಳಕು ಸಾಲದೆ ಮೂಡಿದ್ದು. ಕಿಟಕಿಗೆ ಹಿಡಿದು ಭೂತಗನ್ನಡಿ ಇಟ್ಟು ನೋಡಿದೆ. ಮೊದಲು ಏನೂ ಕಾಣಲಿಲ್ಲ. ಕಣ್ಣು ಕಿರಿದು ಮಾಡಿ, ಉಸಿರು ಹಿಡಿದು ಮತ್ತೆ ನೋಡಿದೆ. ಇತ್ತು! ದಡಿಯಲ್ಲಿ ಕೆಂಪು ಬೇರೆ, ಕೇಸರಿ ಬೇರೆ ಎಂದು ಗುರುತು ಸಿಗುವಷ್ಟು ಅಂತರ, ಕೂದಲೆಳೆಯಷ್ಟೇ ಇರಲಿ, ಅಲ್ಲಿತ್ತು. ಅಪ್ಪ ದಡಿಯನ್ನು ಕಳೆದಿರಲಿಲ್ಲ, ಅವನ ಕಾಲದ ಕಾಗದಕ್ಕೆ ಅದು ಸಿಕ್ಕಿರಲಿಲ್ಲ ಅಷ್ಟೆ. ನೆಗೆಟಿವನ್ನು ಬೆಳಗಾವಿಗೆ ಕಳಿಸಿ ದೊಡ್ಡ ಸ್ಕ್ಯಾನರಿನಲ್ಲಿ ತೆಗೆಸಬಹುದಿತ್ತು. ನನ್ನ ಕೈಯಿಂದ ಅದನ್ನು ಬಿಡುವ ಮನಸ್ಸಾಗಲಿಲ್ಲ. ಈ ಕೆಲಸ ನಮ್ಮ ಎನ್‌ಲಾರ್ಜರಿನಲ್ಲೇ ಆಗಬೇಕಿತ್ತು.

ಇಂಥ ಕೆಲಸಕ್ಕೇ ಕಾಂಟ್ರಾಸ್ಟ್ ಫಿಲ್ಟರುಗಳಿರುವುದು. ಈಗ ಸಿಗುವ ಕಾಗದದ ಒಳಗೆ ಎರಡು ಸ್ವಭಾವಗಳಿವೆ. ಒಂದು ಮೆದು, ಅದು ಹಸಿರು ಬೆಳಕಿಗೆ ಏಳುತ್ತದೆ. ಇನ್ನೊಂದು ಬಿರುಸು, ಅದು ನೀಲಿ ಬೆಳಕಿಗೆ ಏಳುತ್ತದೆ. ದೀಪದ ದಾರಿಯಲ್ಲಿ ಹಳದಿ ಫಿಲ್ಟರಿಟ್ಟರೆ ಚಿತ್ರ ಮೆತ್ತಗಾಗುತ್ತದೆ. ಉರಿಬಿಸಿಲಿನಲ್ಲಿ ಬಿಳಿ ಧೋತರ ಉಟ್ಟ ಮದುಮಗನಿಗೆ ಅದು ಬೇಕು. ರಾಣಿ ಬಣ್ಣದ, ಅಂದರೆ ಕಡು ಗುಲಾಬಿ ಫಿಲ್ಟರಿಟ್ಟರೆ ಹಸಿರು ಬೆಳಕು ನಿಂತುಹೋಗಿ ಬಿರುಸು ಸ್ವಭಾವವೊಂದೇ ಏಳುತ್ತದೆ. ಬಿಳುಪು ಬಿಳುಪಿಗೆ, ಕಪ್ಪು ಕಪ್ಪಿಗೆ, ನಡುವಿನ ಬೂದು ಹರಿದು ಎರಡಾಗುತ್ತದೆ. ಫಿಲ್ಟರು ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಇರುವ ಅಂತರವನ್ನು ಹಿಗ್ಗಿಸುತ್ತದೆ. ಅದಕ್ಕೇ ನನಗೆ ಆ್ಯಪಿಗಿಂತ ಅದರ ಮೇಲೆ ನಂಬಿಕೆ.

ನನ್ನ ಫಿಲ್ಟರಿನ ಡಬ್ಬಿ ತೆಗೆದೆ. ಹಳದಿ ಹಾಳೆಗಳು ಹೇಗಿದ್ದವೋ ಹಾಗೇ ಇದ್ದವು. ಗಾಢ ರಾಣಿ ಬಣ್ಣದ ಹಾಳೆಯನ್ನು ಮಾತ್ರ ಜಿರಲೆಗಳು ಜಾಲರಿ ಮಾಡಿ ಇಟ್ಟಿದ್ದವು. ಬೇಕಾದದ್ದನ್ನೇ ತಿಂದಿದ್ದವು, ಹಾಳಾದವು! ಮುಂಬೈ, ಬೆಂಗಳೂರಿನ ಅಂಗಡಿಗಳಿಗೆ ಫೋನು ಹಚ್ಚಿದೆ. ಒಬ್ಬ ತರಿಸಲು ಎರಡು ತಿಂಗಳು ಎಂದ, ಇನ್ನೊಬ್ಬ ಅದೇನು ಎಂದು ನನ್ನನ್ನೇ ಕೇಳಿದ. ಉಡುಗೊರೆ ಬುಟ್ಟಿಗೆ ಸುತ್ತುವ ರಾಣಿ ಬಣ್ಣದ ಜರಜರ ಕಾಗದವನ್ನೂ ಇಟ್ಟು ನೋಡಿದೆ. ಎರಡು ಪದರು, ನಾಲ್ಕು ಪದರು, ಏನೂ ಉಪಯೋಗವಿಲ್ಲ. ದಡಿ ಅದೇ ಬೂದಿ.

ಸಂಜೆ ಆಯಿ ಬಂದಾಗ ತಿಂದುಹೋದ ಹಾಳೆಯನ್ನು ಅವಳ ಕೈಗಿಟ್ಟು, “ಆಗಂಗಿಲ್ರಿ ಆಯಿ, ಜಿರಲಿ ತಿಂದಾವು” ಎಂದೆ. ಕೊಟ್ಟ ಮಾತಿಗೆ ತಪ್ಪುವುದೆಂದರೆ ನನಗೆ ಸಾವು ಬಂದಂತೆ.

ಆಯಿ ಅಳಲಿಲ್ಲ, ಬೈಯಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದಳು, ಅಂಚನ್ನು ಉಗುರಿನಿಂದ ಕೆರೆದಳು, ನಾಲಿಗೆಯ ತುದಿಗೆ ಮುಟ್ಟಿಸಿಕೊಂಡಳು.

“ಜಿರಲಿ ಬಣ್ಣಾ ತಿನ್ನಂಗಿಲ್ಲಬೇ. ಹುಳಾ ಹತ್ತೂದು ರೇಷ್ಮಿಗೆ, ಉಣ್ಣಿಗೆ. ಇದು ರೇಷ್ಮಿ ಜಾತೀದು ಏನೋ ಐತಿ. ಏನಿದು?”

“ಜಿಲೆಟಿನ್ ಅಂತಾರ್ರಿ. ಪ್ರಾಣಿಗಳ ಎಲುಬು, ಚರ್ಮ ಕುದಿಸಿ ತಗದ ಅಂಟು. ಎಲ್ಲಾ ಫಿಲ್ಮಿನ ಮ್ಯಾಲೂ ಅದ ಇರತೈತಿ.”

“ಶಿವ ಶಿವಾ! ಇದನ್ನ ಮುಟ್ಟಿದ ಕೈಲೇನ ನಿಮ್ಮಪ್ಪ ನಮ್ಮ ಮನ್ಯಾಗ ಹೋಳಿಗಿ ಉಂಡಾನ?” ಎಂದು ಬಾಯಿ ಒರೆಸಿಕೊಂಡಳು. ಆಮೇಲೆ ತಾನೇ ಯೋಚಿಸಿ, “ಪ್ರಾಣೀದು ಅಂದ್ರ ರೇಷ್ಮಿ ಬಣ್ಣ ಹಿಡೀತೈತಿ. ರಾಣಿ ಬಣ್ಣದ ಪುಡಿ ನನ್ನ ಹಂತ್ಯಾಕ ಡಬ್ಬಿ ತುಂಬ ಐತಿ. ನಿನ್ನ ಕಾಗದಾ ತಾ, ಬಣ್ಣದಾಗ ಎದ್ದಿ ಕೊಡ್ತೇನಿ” ಎಂದಳು.

ಇಷ್ಟು ವರ್ಷ ಫಿಲ್ಟರು ಎಂದರೆ ಪಾರ್ಸೆಲ್ಲಿನಲ್ಲಿ ಬರುವ ವಸ್ತು ಎಂದುಕೊಂಡಿದ್ದೆ. ಅದು ಬಣ್ಣ ಹಾಕಿದ ಜಿಲೆಟಿನ್ನೇ, ಬೇರೇನೂ ಅಲ್ಲ. ಬಣ್ಣ ಹಾಕುವ ಮನೆಗಳ ನಡುವೆ ಹುಟ್ಟಿ ಬೆಳೆದವಳಿಗೆ ಇದು ತಾನಾಗಿ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆಯೇ ಸ್ಕೂಟಿ ಹತ್ತಿ ಜಮಖಂಡಿಗೆ ಹೋದೆ. ಅಲ್ಲಿ ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್ಸಿನವರ ಹತ್ತಿರ ಹಳೆಯ ಕಾಲದ ಫಿಲ್ಮ್ ಹಾಳೆಗಳು ಧೂಳು ತಿನ್ನುತ್ತಿದ್ದವು. ಒಂದು ಡಬ್ಬಿ ಬೇಡಿ ತಂದೆ. ಅಂಥ ಫಿಲ್ಮನ್ನು ಡೆವಲಪ್ ಮಾಡದೆ ನೇರವಾಗಿ ಹೈಪೊ ನೀರಿಗೆ ಹಾಕಿದರೆ ಅದರ ಬೆಳ್ಳಿಯೆಲ್ಲ ಕರಗಿ ಹೋಗಿ ಜಿಲೆಟಿನ್ ಹೊದ್ದ ಬರೀ ಪಾರದರ್ಶಕ ಹಾಳೆ ಉಳಿಯುತ್ತದೆ. ನಾಲ್ಕು ಹಾಳೆ ತೊಳೆದು ಆಯಿಯ ಹಿತ್ತಲಿಗೆ ಒಯ್ದೆ. ಅವಳು ಆಗಲೇ ಒಲೆ ಹಚ್ಚಿ, ತಾಮ್ರದ ಪಾತ್ರೆಯಲ್ಲಿ ಬಣ್ಣ ಕುದಿಯಲು ಇಟ್ಟಿದ್ದಳು. ಐವತ್ತು ವರ್ಷದಿಂದ ಅವಳು ರೇಷ್ಮೆ ಅದ್ದುವುದು ಹಾಗೆಯೇ. ಕುದಿ ಬರದೆ ರೇಷ್ಮೆಗೆ ಬಣ್ಣ ಬೇಗ ಹತ್ತುವುದಿಲ್ಲ.

ಆಯಿ ಹಾಳೆಯನ್ನು ಕೋಲಿಗೆ ಸಿಕ್ಕಿಸಿ ಕುದಿಯುವ ಬಣ್ಣದಲ್ಲಿ ಮುಳುಗಿಸಿದಳು. ನಾನು ಕೈಕಟ್ಟಿ ನೋಡುತ್ತ ನಿಂತೆ. ಎತ್ತಿದಾಗ ಹಾಳೆ ಬೋಳಾಗಿತ್ತು. ಜಿಲೆಟಿನ್ನೆಲ್ಲ ಕರಗಿ ಪಾತ್ರೆಯಲ್ಲಿ ಗಂಜಿಯಾಗಿತ್ತು. ಬಿಸಿಗೆ ಜಿಲೆಟಿನ್ ನಿಲ್ಲುವುದಿಲ್ಲ, ಬೇಸಿಗೆಯಲ್ಲಿ ಡೆವಲಪರಿಗೂ ಗಡಿಗೆಯ ನೀರೇ ಬೆರೆಸಬೇಕು ಎಂದು ಅಪ್ಪ ನನಗೆ ಸಾವಿರ ಸಲ ಹೇಳಿದ್ದ. ಆ ಹೊತ್ತಿನಲ್ಲಿ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

“ರೇಷ್ಮಿ ಜಾತಿ ಅಂದೀಯಲ್ಲಬೇ, ಇದು ಸಕ್ರಿ ಜಾತಿ ಐತಿ!” ಎಂದು ಆಯಿ ರೇಗಿದಳು.

“ನಾ ಎಲ್ಲಿ ಅಂದೆ? ನೀವ ಅಂದ್ರಿ!” ಎಂದು ನಾನೂ ಕಿರುಚಿದೆ. ಓಣಿಯ ಹೆಂಗಸರು ಹಿತ್ತಲ ಗೋಡೆಯ ಮೇಲಿಂದ ಇಣುಕಿದರು.

ಆಮೇಲೆ ಆಯಿಯೇ ಮಾತು ಎತ್ತಿದಳು. ಬಿಸಿ ಆಗದಿದ್ದರೆ ಹುಳಿ ಜಾಸ್ತಿ ಹಾಕಬೇಕು, ಹೊತ್ತು ಜಾಸ್ತಿ ಕೊಡಬೇಕು ಎಂದಳು. ರೇಷ್ಮೆಗೆ ಬಣ್ಣ ಕಚ್ಚಿಸುವುದು ಹುಳಿಯೇ, ಬಿಸಿ ಅದನ್ನು ಬೇಗ ಮಾಡಿಸುತ್ತದೆ ಅಷ್ಟೆ. ಗಡಿಗೆಯ ತಣ್ಣೀರಿನಲ್ಲಿ ಬಣ್ಣ ಕದಡಿ, ನಾಲ್ಕು ನಿಂಬೆಹಣ್ಣು ಹಿಂಡಿ, ಉಳಿದ ಹಾಳೆಗಳನ್ನು ಬಿಟ್ಟೆವು. ಬೇವಿನ ನೆರಳಲ್ಲಿ ಮೂರು ತಾಸು ಕಾದೆವು. ಎತ್ತಿದಾಗ ಒಂದಿಷ್ಟೂ ಕಲೆಯಿಲ್ಲದೆ, ಸೆರಗಿನ ರೇಷ್ಮೆಯಷ್ಟೇ ಕಡುವಾದ ರಾಣಿ ಬಣ್ಣ! ಅದರ ಮೂಲಕ ನೋಡಿದರೆ ಬೇವಿನ ಎಲೆಗಳೆಲ್ಲ ಕಪ್ಪಾಗಿ ಕಂಡವು. ಹಸಿರು ಪೂರ್ತಿ ಸತ್ತಿತ್ತು. ನನಗೆ ಬೇಕಾದದ್ದು ಅದೇ. ನಾನು ಆಯಿಯನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದೆ. ಬಿಡಬೇ, ಬಿಡಬೇ ಎಂದು ಅವಳು ನನ್ನ ಬೆನ್ನಿಗೆ ಗುದ್ದಿದಳು.

ನಮ್ಮ ಎನ್‌ಲಾರ್ಜರಿಗೆ ಫಿಲ್ಟರ್ ಇಡುವ ಖಾನೆ ಇಲ್ಲ. ಒಣಗಿದ ಹಾಳೆಯನ್ನು ದುಂಡಗೆ ಕತ್ತರಿಸಿ, ದೀಪದ ಡಬ್ಬಿ ಬಿಚ್ಚಿ, ಒಳಗಿನ ದಪ್ಪ ಗಾಜಿನ ಮೇಲೆ ಮಲಗಿಸಿದೆ. ಮರುದಿನ ಹಗಲಿನಲ್ಲಿ ಕಿಟಕಿಗೆ ಕರಿ ಅರಿವೆ ಬಡಿದು, ಕೆಂಪು ದೀಪ ಹಚ್ಚಿ, ಆಯಿಯನ್ನು ಸ್ಟೂಲಿನ ಮೇಲೆ ಕೂರಿಸಿ ಮೊದಲ ಪ್ರಿಂಟು ತೆಗೆದೆ. ಫಿಲ್ಟರಿಲ್ಲದಾಗ ಹತ್ತು ಎಣಿಸುವಷ್ಟು ಬೆಳಕು ಸಾಕಾಗುತ್ತಿತ್ತು. ಈಗ ದೀಪದ ಬಹುಪಾಲು ಬೆಳಕನ್ನು ರಾಣಿ ಬಣ್ಣ ನುಂಗುತ್ತಿತ್ತು, ಎಪ್ಪತ್ತು ಎಣಿಸಬೇಕಾಯಿತು. ಡೆವಲಪರಿನಲ್ಲಿ ಚಿತ್ರ ಮೂಡತೊಡಗಿತು. ದಡಿ ಹರಿದು ಎರಡಾಗಿತ್ತು. ಕಪ್ಪು ಬೇರೆ, ಬಿಳುಪು ಬೇರೆ. ಗುಡಿಗಳ ಸಾಲು ಎದ್ದು ನಿಂತಿತ್ತು!

ಆದರೆ ಪಾವಟಿಗೆಗಳು ಒಂದಕ್ಕೊಂದು ಕಲಸಿಕೊಂಡಿದ್ದವು. ಐದು ಎಂದರೂ ಸರಿ, ಏಳು ಎಂದರೂ ಸರಿ.

ಫೋಕಸ್ ತಪ್ಪಿತೇನೋ ಎಂದು ಮಸೂರ ತಿರುವಿದೆ. ಎರಡನೆಯ ಪ್ರಿಂಟೂ ಹಾಗೇ ಬಂತು. ಎನ್‌ಲಾರ್ಜರಿನ ದೀಪ ಹಚ್ಚಿ ಭೂತಗನ್ನಡಿಯಲ್ಲಿ ನೋಡಿದಾಗ ಗೊತ್ತಾಯಿತು. ಕೆಳಗಿನ ಹಲಗೆಯ ಮೇಲೆ ಬಿದ್ದ ಚಿತ್ರದ ಕಾಳುಕಾಳು ಚುಕ್ಕೆಗಳು ಸಣ್ಣಗೆ ಕುಣಿಯುತ್ತಿದ್ದವು. ಹಿಂದಿನ ಗೋಡೆಯ ಆಚೆ ಹಗಲು ರಾತ್ರಿ ಓಡುವ ಹನ್ನೆರಡು ಪವರ್‌ಲೂಮು, ಎದುರಿನ ಮನೆಯಲ್ಲಿ ಆರು, ಅದರಾಚೆ ಇನ್ನೆಷ್ಟೋ. ನೆಲವೇ ನಡುಗುತ್ತಿತ್ತು. ಹುಟ್ಟಿದಾಗಿನಿಂದ ಅದರ ಮೇಲೇ ನಡೆದಾಡಿದ ನಮಗೆ ಅದು ನಡುಗುತ್ತದೆ ಎಂದೇ ಗೊತ್ತಾಗುವುದಿಲ್ಲ. ಹತ್ತು ಎಣಿಸುವ ಪ್ರಿಂಟಿಗೆ ಅದು ತೊಂದರೆ ಕೊಟ್ಟಿರಲಿಲ್ಲ. ಎಪ್ಪತ್ತು ಎಣಿಸುವಷ್ಟರಲ್ಲಿ ಪಾವಟಿಗೆಯ ಅಂಚುಗಳನ್ನೆಲ್ಲ ತಿಂದುಹಾಕುತ್ತಿತ್ತು.

“ಕರೆಂಟ್ ಹೋದಾಗ ಮಾಡೂನು, ಮಗ್ಗ ನಿಂತಿರ್ತಾವು” ಎಂದಳು ಆಯಿ.

“ಕರೆಂಟ್ ಹೋದ್ರ ಈ ದೀಪಾನೂ ಹತ್ತಂಗಿಲ್ಲಲ್ರಿ.”

ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ನಾನು ಬೆನ್ನ ಹಿಂದೆ ಓಡಿದೆ. ಅವಳು ಸೀದಾ ಮೈದುನನ ಶೆಡ್ಡಿಗೆ ಹೋಗಿ ಮಗ್ಗಗಳ ನಡುವೆ ನಿಂತು ಕೂಗಿದಳು.

“ಮಗ್ಗ ನಿಂದರಸ! ಎರಡ ನಿಮಿಷ.”

“ವೈನೀ, ತಲಿ ಕೆಟ್ಟೈತೇನ? ಯಾಕ?”

“ಐದೋ ಏಳೋ ನೋಡಬೇಕಾಗೈತಿ. ಅಂಜಿಕಿ ಬರಾಕತ್ತೈತೇನ?”

ಆ ಕೊನೆಯ ಮಾತು ಅವನಿಗೆ ಸರಿಯಾಗಿ ತಾಗಿತು. “ನನಗ್ಯಾಕ ಅಂಜಿಕಿ? ನಿಂದರಸರ್ಲೇ ಎಲ್ಲಾ!” ಎಂದು ಆಳುಗಳಿಗೆ ಕೂಗಿ ಹೇಳಿದ. ಹನ್ನೆರಡೂ ನಿಂತವು. ನಾನು ಡಾರ್ಕ್‌ರೂಮಿಗೆ ಬಂದು ನೋಡಿದರೆ ಕುಣಿತ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಎದುರಿನವರದೂ ನಿಲ್ಲಬೇಕಿತ್ತು. ಹೊರಗೆ ಬಂದು ಹೇಳಿದೆ. ಈಗ ಮೈದುನನಿಗೇ ರೋಷ ಬಂದಿತ್ತು. ತನ್ನ ಮಗ್ಗ ನಿಲ್ಲಿಸಿ ಎದುರಿನವನು ಓಡಿಸುವುದೆಂದರೇನು? ಆಯಿ ಎಡಗಡೆಯ ಮನೆಗಳಿಗೆ, ಅವನು ಬಲಗಡೆಯ ಮನೆಗಳಿಗೆ ನುಗ್ಗಿದರು. “ಎರಡ ನಿಮಿಷ, ಎರಡ ನಿಮಿಷ” ಎಂದು ಇಬ್ಬರ ದನಿಯೂ ಓಣಿಯ ತುದಿಯವರೆಗೆ ಹೋಯಿತು. ಒಂದೊಂದೇ ಶೆಡ್ಡು ಬಾಯಿ ಮುಚ್ಚಿತು. ಕರೆಂಟ್ ಇದ್ದೂ ಹಾಡುಹಗಲಲ್ಲಿ ನಮ್ಮ ಓಣಿ ಸುಮ್ಮನಾದದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಜನ ಗಾಬರಿಯಾಗಿ ಬಾಗಿಲಿಗೆ ಬಂದರು. “ಯಾರ ಹೋದ್ರು? ಯಾರ ಹೋದ್ರು?” ಎಂದು ಒಬ್ಬರನ್ನೊಬ್ಬರು ಕೇಳಿದರು.

“ಯಾರೂ ಹೋಗಿಲ್ಲ, ನಮ್ಮವ್ವ ಬರಾಕತ್ಯಾಳ!” ಎಂದು ಕೂಗಿ ಆಯಿ ನನ್ನ ಹಿಂದೆ ಡಾರ್ಕ್‌ರೂಮಿಗೆ ನುಗ್ಗಿ ಬಾಗಿಲು ಹಾಕಿಕೊಂಡಳು.

ಕಾಗದ ಇಟ್ಟೆ. ದೀಪ ಹಚ್ಚಿದೆ. ಒಂದು, ಎರಡು, ಮೂರು. 

ಆಯಿ ನನ್ನ ಜೊತೆ ತಾನೂ ಎಣಿಸಿದಳು. ಹೊರಗೆ ಎಲ್ಲೋ ಒಂದು ಕೂಸು ಅಳುವುದು ಕೇಳುತ್ತಿತ್ತು. ನಲವತ್ತರ ಹೊತ್ತಿಗೆ ನನಗೆ ಉಸಿರು ಬಿಡುವುದಕ್ಕೂ ಹೆದರಿಕೆ. ಅರವತ್ತೆಂಟು, ಅರವತ್ತೊಂಬತ್ತು, ಎಪ್ಪತ್ತು. ದೀಪ ಆರಿಸಿದೆ. “ಆತು!” ಎಂದು ಆಯಿ ಒಳಗಿಂದಲೇ ಕೂಗಿದಳು. ಓಣಿಯ ಮಗ್ಗಗಳು ಮತ್ತೆ ಗಡಗಡ ಶುರುವಾದವು.

ಕಾಗದ ಡೆವಲಪರಿಗೆ ಇಳಿಯಿತು. ಮೊದಲು ಕುರ್ಚಿಯ ಕಾಲು, ಆಮೇಲೆ ಸೀರೆಯ ನೆರಿಗೆ, ಆಮೇಲೆ ದಡಿ. ಗುಡಿಗಳು ಒಂದೊಂದಾಗಿ ಎದ್ದವು. ಪ್ರತಿ ಪಾವಟಿಗೆಯ ಅಂಚೂ ಚಾಕುವಿನಲ್ಲಿ ಕೊಯ್ದ ಹಾಗಿತ್ತು. ಹೈಪೊದಿಂದ ಎತ್ತಿ, ಬಿಳಿ ದೀಪ ಹಚ್ಚಿ, ನೀರು ಸೋರುತ್ತಿದ್ದಂತೆಯೇ ಗಾಜಿನ ಮೇಲೆ ಹಾಸಿದೆ.

ಆಗ ನೋಡಿದೆ. ಮುಖಗಳೇ ಇರಲಿಲ್ಲ. ಅಷ್ಟು ಬಿರುಸು ಕಾಂಟ್ರಾಸ್ಟಿಗೆ ಅವ್ವನ ಮುಖ ಬರೀ ಬಿಳಿ ಕಾಗದವಾಗಿತ್ತು, ಪಕ್ಕದ ಹುಡುಗಿಯದೂ ಅಷ್ಟೇ. ಕಣ್ಣಿನ ಜಾಗದಲ್ಲಿ ಎರಡೆರಡು ಕಪ್ಪು ಚುಕ್ಕೆ. ಅಪ್ಪ ಇದ್ದಿದ್ದರೆ ಇಂಥ ಪ್ರಿಂಟನ್ನು ಹರಿದು ಬುಟ್ಟಿಗೆಸೆದು ನನ್ನ ಕಿವಿ ಹಿಂಡುತ್ತಿದ್ದ. ನನಗೆ ಕೆಡುಕೆನಿಸಿತು.

“ಆಯಿ, ಅವ್ವನ ಮುಖಾ ಹೋಗಿಬಿಟ್ಟೈತ್ರಿ” ಎಂದೆ.

“ಮುಖಾ ನನಗ ನೆನಪೈತಿಬೇ” ಎಂದಳು ಆಯಿ. ಅವಳು ಪ್ರಿಂಟಿನಿಂದ ಕಣ್ಣು ತೆಗೆದಿರಲಿಲ್ಲ. “ಮರತಿದ್ದು ದಡಿ.”

ಅವಳು ದಾರದ ತುಂಡಿನಿಂದ ಪಾವಟಿಗೆಗಳನ್ನು ಒಂದೊಂದಾಗಿ ಅಳೆದಳು. ಏಳೇ ಇದ್ದವು. ಆದರೆ ಏಳೂ ಒಂದೇ ಅಳತೆಯವಲ್ಲ. ಕೆಳಗಿನೆರಡು ಅಗಲ ಮತ್ತು ಗಿಡ್ಡ, ಮೇಲಕ್ಕೆ ಹೋದಂತೆ ಇಕ್ಕಟ್ಟು ಮತ್ತು ಎತ್ತರ, ತುದಿಯದು ಕಳಸದ ಹಾಗೆ ಒಂದೇ ಕಡ್ಡಿ. ಆಯಿ ಏಳನ್ನೂ ಸಮ ಹಾಕುತ್ತಿದ್ದಳು, ಅದಕ್ಕೇ ಗುಡಿ ಕಣಜವಾಗುತ್ತಿತ್ತು. “ಎವ್ವಾ, ಎಷ್ಟ ಶಾಣ್ಯಾಕಿ ಇದ್ದೀಬೇ ನೀ” ಎಂದು ಮುಖವಿಲ್ಲದ ಆ ಫೋಟೊಗೆ ಹೇಳಿದಳು. ಹಸಿ ಪ್ರಿಂಟನ್ನು ಎರಡೂ ಅಂಗೈ ಮೇಲೆ ಹೊತ್ತುಕೊಂಡು ಮಗ್ಗದ ಕಡೆ ನಡೆದಳು. ಇನ್ನೂ ತೊಳೆಯಬೇಕು, ತೊಳೆಯದಿದ್ದರೆ ಹಳದಿಯಾಗುತ್ತದೆ ಎಂದು ನಾನು ಕೂಗಿದ್ದು ಅವಳ ಕಿವಿಗೆ ಬೀಳಲಿಲ್ಲ.

ಹೊಸ ಲೆಕ್ಕಕ್ಕೆ ದಡಿಯ ಎಳೆ ಹೊಂದಿಸಲು ಅವಳಿಗೆ ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಮಧ್ಯಾಹ್ನ ಆಯಿಯಿಂದ ಕರೆ ಬಂತು. ಮುಧೋಳದ ಒಂದು ಮದುವೆಯ ಆಲ್ಬಮ್ಮನ್ನು ಅರ್ಧಕ್ಕೇ ಬಿಟ್ಟು ಓಡಿದೆ. ಮಗ್ಗದ ಮೇಲೆ ಒಂದು ಗೇಣು ಸೀರೆ ಬಂದಿತ್ತು. ಕೆಂಪು ದಡಿಯ ಮೇಲೆ ಕೇಸರಿ ಗುಡಿಗಳು ನೆಟ್ಟಗೆ, ಎತ್ತರವಾಗಿ, ಕಳಸ ಹೊತ್ತು ನಿಂತಿದ್ದವು. ನಾನು ಕಪ್ಪು ಬಿಳುಪಿನಲ್ಲಷ್ಟೇ ನೋಡಿದ್ದು ಈಗ ಬಣ್ಣದಲ್ಲಿತ್ತು. ಆಯಿ ನನ್ನ ಕಡೆ ತಿರುಗಲೂ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮೈದುನನನ್ನು ಕೂಗಿದಳು.

“ಲೇ! ಬಂದ ಎಣಸ ಬಾ!”

ಅವನು ಬಂದ. ಕನ್ನಡಕ ಹಾಕಿಕೊಂಡು ಮಗ್ಗದ ಮೇಲೆ ಬಗ್ಗಿ, ಬೆರಳಿಟ್ಟು ಮನಸ್ಸಿನಲ್ಲೇ ಎಣಿಸತೊಡಗಿದ.

“ಬಾಯಿ ಬಿಟ್ಟ ಎಣಸ” ಎಂದಳು ಆಯಿ. “ಓಣಿಗೆ ಕೇಳ್ಲಿ.”

ಹನ್ನೆರಡು ಮಗ್ಗಗಳ ಸದ್ದಿನ ಮೇಲೆ ಅವನು ಗಂಟಲು ಹರಿಯುವಂತೆ ಎಣಿಸಿದ. ಐದಕ್ಕೆ ಒಂದು ಕ್ಷಣ ತಡೆದ. ಆರು ಎಂದ. ಏಳು ಎಂದ. ಆಮೇಲೆ ಬೆರಳನ್ನು ಅಲ್ಲಿಯೇ ಇಟ್ಟುಕೊಂಡು, “ಖರೇನ ಐತಿ ವೈನಿ” ಎಂದ. ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ? ಅವನು ಇಬ್ಬರನ್ನೂ ನೋಡಿ ಏನು ಮಾಡಬೇಕೆಂದು ತೋಚದೆ, ಮತ್ತೊಮ್ಮೆ ಒಂದರಿಂದ ಎಣಿಸಲು ಶುರು ಮಾಡಿದ.